‘ದ ವೆಸ್ಟ್ ವಿಂಗ್’ ಡಿವಿಡಿಗಳು ಮನೆಗೆ ಬಂದಿವೆ, ಅಪ್ಪನ ಜೊತೆ ನೋಡುವುದು ಹೇಗೆ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿರುವ ನಮ್ಮಣ್ಣ ಮನೆ ಬದಲಾಯಿಸುವಾಗ ತನ್ನ ಬಳಿಯಿದ್ದ ‘ದ ವೆಸ್ಟ್ ವಿಂಗ್’ ಎಂಬ, ಅಮೆರಿಕದ ಅಧ್ಯಕ್ಷರ ಕಚೇರಿಯ ಕಥೆ ಹೇಳುವ ಇಂಗ್ಲಿಷ್ ಧಾರಾವಾಹಿಯ ಡಿವಿಡಿಗಳನ್ನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಊರಿಗೆ ಬರುವವರೊಬ್ಬರ ಕೈಯಲ್ಲಿ ಕಳಿಸಿದ್ದಾನೆ. ಏಳು ಸೀಸನ್ನುಗಳೂ ಇವೆ. ನಾಲ್ಕನೆಯದರ ಡಬ್ಬಿಯ ಮೇಲೆ ಹಳದಿ ಚೀಟಿ ಅಂಟಿಸಿ, ‘ಇಲ್ಲಿಗೆ ನಿಲ್ಲಿಸಿದರೂ ನಷ್ಟವಿಲ್ಲ’ ಎಂದು ಬರೆದಿದ್ದಾನೆ. ಏಕೆಂದು ಫೋನಿನಲ್ಲಿ ಕೇಳಿದರೆ, ‘ನೀನೇ ನೋಡಿ ಹೇಳು’ ಎನ್ನುತ್ತಾನೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಅಮೆರಿಕದ ಅಧ್ಯಕ್ಷೀಯ ಪದ್ಧತಿ, ಅಧಿಕಾರ ಪ್ರತ್ಯೇಕತೆ ಎಂದು ಹತ್ತೊಂಬತ್ತು ವರ್ಷದಿಂದ ಕಪ್ಪು ಹಲಗೆಯ ಮೇಲೆ ಮೂರು ಚೌಕ ಬರೆದು ಬಾಣ ಎಳೆಯುತ್ತ ಬಂದಿದ್ದೇನೆ. ಆ ಚೌಕದ ಒಳಗೆ ಕುಳಿತವರು ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತಾರೆ ಎಂಬುದನ್ನು ತೋರಿಸುವ ಕಥೆ ಎಂದು ಕೇಳಿದ್ದೆ. ಅದಕ್ಕಿಂತ ಹೆಚ್ಚಿನ ಆಸೆ ಅಪ್ಪನ ಕಾರಣಕ್ಕೆ. ಅವರಿಗೆ ಈಗ ಎಪ್ಪತ್ತೊಂಬತ್ತು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅಮ್ಮ ಹೋದ ಮೇಲೆ ಮಾತು ಕಡಿಮೆ. ಸಂಜೆ ವಾರ್ತೆ ಹಾಕುತ್ತಾರೆ, ನಾಲ್ಕು ಜನ ಒಟ್ಟಿಗೆ ಕೂಗಾಡಲು ಶುರುಮಾಡಿದ ಕೂಡಲೇ ಆರಿಸಿಬಿಡುತ್ತಾರೆ. ಆಮೇಲೆ ಊಟದವರೆಗೂ ಕತ್ತಲಲ್ಲೇ ಕೂತಿರುತ್ತಾರೆ. ನಾನು ಹೋಗಿ ದೀಪ ಹಾಕಬೇಕು. ಸರ್ಕಾರಿ ಕಚೇರಿಯ ಕಥೆಯಾದರೆ ಅವರಿಗೆ ಹಿಡಿಸಬಹುದು ಎಂಬ ಆಸೆ.

ತೊಂದರೆಗಳು ಮೂರು. ಮನೆಯ ಪ್ಲೇಯರಿಗೆ ಡಿಸ್ಕ್ ಹಾಕಿದರೆ ರೀಜನ್ ಸರಿಯಿಲ್ಲ ಎಂದು ಹೇಳಿ ಹೊರಗೆ ತಳ್ಳುತ್ತದೆ. ಲ್ಯಾಪ್‌ಟಾಪಿಗೆ ಹಾಕಿದರೆ ರೀಜನ್ ಬದಲಾಯಿಸಲೇ ಎಂದು ಕೇಳಿ, ಇನ್ನು ಇಷ್ಟೇ ಸಲ ಬದಲಾಯಿಸಬಹುದು ಎಂದು ಎಚ್ಚರಿಕೆ ಕೊಡುತ್ತದೆ. ಹೆದರಿ ಮುಚ್ಚಿಟ್ಟೆ.

ಕೊನೆಗೆ ಸಹೋದ್ಯೋಗಿಯೊಬ್ಬರ ಮನೆಯ ಹಳೆಯ ಪ್ಲೇಯರಿನಲ್ಲಿ ಮೊದಲ ಕಂತು ನೋಡಿದೆ. ಅಧ್ಯಕ್ಷರು ಸೈಕಲ್ಲಿನಲ್ಲಿ ಹೋಗಿ ಮರಕ್ಕೆ ಗುದ್ದಿದ್ದಾರೆ ಎಂಬ ಸುದ್ದಿಯಿಂದ ಕಥೆ ತೆರೆದುಕೊಳ್ಳುತ್ತದೆ, ಆದರೆ ಅಧ್ಯಕ್ಷರು ಕೊನೆಯ ಕೆಲವು ನಿಮಿಷಗಳವರೆಗೂ ಕಾಣಿಸುವುದಿಲ್ಲ. ಅಷ್ಟು ಹೊತ್ತೂ ಅವರ ಕೈಕೆಳಗಿನವರು ಓಡಾಡುತ್ತಲೇ ಇರುತ್ತಾರೆ. ಒಬ್ಬ ಟಿವಿಯಲ್ಲಿ ನಾಲಿಗೆ ಜಾರಿಸಿ ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದಾನೆ. ಕ್ಯೂಬಾದಿಂದ ಜನ ತೆಪ್ಪಗಳಲ್ಲಿ ಸಮುದ್ರ ದಾಟಿ ಬರುತ್ತಿದ್ದಾರೆ, ಅವರನ್ನು ಏನು ಮಾಡಬೇಕು ಎಂಬ ಚರ್ಚೆ ನಡೆದಿದೆ. ಕೊನೆಗೆ ಬಾಗಿಲಿನಿಂದ ಬೈಬಲ್ಲಿನ ಹತ್ತು ಕಟ್ಟಳೆಗಳ ಮೊದಲನೆಯದನ್ನು ಹೇಳುತ್ತ ಅಧ್ಯಕ್ಷ ಬಾರ್ಟ್ಲೆಟ್ ಒಳಗೆ ಬರುತ್ತಾರೆ. ನನಗೆ ಮೈ ಜುಮ್ಮೆಂದಿತು. ಆದರೆ ಎಲ್ಲರೂ ಕಾರಿಡಾರಿನಲ್ಲಿ ನಡೆಯುತ್ತ ಎಷ್ಟು ವೇಗವಾಗಿ ಮಾತಾಡುತ್ತಾರೆ ಎಂದರೆ ಅರ್ಧ ನನಗೇ ತಪ್ಪಿಹೋಯಿತು. ಅಪ್ಪನಿಗೆ ಇಂಗ್ಲಿಷ್ ಓದುವುದು ನೀರು ಕುಡಿದಷ್ಟು ಸಲೀಸು, ಕೇಳಿ ತಿಳಿಯುವುದು ಕಷ್ಟ. ಕಿವಿಯೂ ಮಂದ.

ಡಿಸ್ಕ್ ಓಡಿಸುವುದು ಹೇಗೆ, ಅಪ್ಪನಿಗೆ ಹಿಡಿಸುವಂತೆ ನೋಡುವುದು ಹೇಗೆ, ಅಣ್ಣನ ಚೀಟಿಯ ಮಾತು ಕೇಳಬೇಕೇ? ನೋಡಿದವರು ದಯವಿಟ್ಟು ಹೇಳಿ. ಮುಂದಿನ ಕಥೆಯನ್ನು ಬಿಟ್ಟುಕೊಡಬೇಡಿ.

ಬೆಸುಗೆ, ಹುಬ್ಬಳ್ಳಿ

ಮೇಡಂ, ಮೂವತ್ತು ವರ್ಷದಿಂದ ಟಿವಿ ದುರಸ್ತಿ ಮಾಡುತ್ತಿದ್ದೇನೆ. ಮೊದಲನೆಯ ತೊಂದರೆ ನನಗೆ ಬಿಡಿ.

ಡಿವಿಡಿಗಳಿಗೆ ಲೋಕವನ್ನು ಪ್ರದೇಶಗಳಾಗಿ ಹಂಚಿದ್ದಾರೆ. ಅಮೆರಿಕದ್ದು 1, ಬ್ರಿಟನ್ನಿನದು 2, ನಮ್ಮ ಭಾರತದ್ದು 5. ನಿಮ್ಮ ಪ್ಲೇಯರಿಗೆ 5 ಮಾತ್ರ ಗೊತ್ತು, ಅದಕ್ಕೇ ತಳ್ಳುತ್ತಿದೆ. ಇಲ್ಲಿ ಮಾರಾಟವಾದ ಎಷ್ಟೋ ಅಗ್ಗದ ಪ್ಲೇಯರುಗಳು ಎಲ್ಲ ಪ್ರದೇಶದ ಡಿಸ್ಕನ್ನೂ ಓಡಿಸುತ್ತವೆ, ನಿಮ್ಮ ಸಹೋದ್ಯೋಗಿಯ ಮನೆಯದು ಅಂಥದ್ದೇ ಇರಬೇಕು. ಹಳೆಯದೊಂದು ಸಿಕ್ಕರೆ ಕೊಂಡುಬಿಡಿ. ಕೊಳ್ಳುವ ಮುಂಚೆ ನಿಮ್ಮ ಡಿಸ್ಕನ್ನೇ ಹಾಕಿ ನೋಡಿ, ಅಂಗಡಿಯವರ ಮಾತಿನ ಮೇಲೆ ತರಬೇಡಿ.

ಲ್ಯಾಪ್‌ಟಾಪಿನ ಡ್ರೈವಿನಲ್ಲಿ ಪ್ರದೇಶ ಬದಲಾಯಿಸಲು ಐದು ಅವಕಾಶ ಮಾತ್ರ. ಐದನೆಯ ಸಲ ಯಾವುದನ್ನು ಇಟ್ಟಿರೋ ಅದೇ ಖಾಯಂ. ಊರಿನ ಡಿಸ್ಕೂ ಅಮೆರಿಕದ ಡಿಸ್ಕೂ ಒಂದೇ ಡ್ರೈವಿಗೆ ಹಾಕಿ ಆಚೆ ಈಚೆ ಬದಲಾಯಿಸುತ್ತ ಹೋದವರು ಅಳುತ್ತ ನನ್ನ ಬಳಿ ಬಂದಿದ್ದಾರೆ. ಯುಎಸ್‌ಬಿಗೆ ಚುಚ್ಚುವ ಹೊರಗಿನ ಡ್ರೈವ್ ಒಂದನ್ನು ತಂದು 1ಕ್ಕೆ ಇಟ್ಟುಬಿಡಿ, ಅದು ಈ ಪೆಟ್ಟಿಗೆಗೆ ಮಾತ್ರ.

ಇನ್ನೊಂದು ಮಾತು. ಟಿವಿ ಚಿತ್ರಕ್ಕೆ ಎರಡು ಪದ್ಧತಿಗಳಿವೆ: ಅಮೆರಿಕದ ಡಿಸ್ಕುಗಳು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಈಗಿನ ಟಿವಿಗಳು ಎರಡನ್ನೂ ಒಪ್ಪುತ್ತವೆ. ಚಿತ್ರ ಕಪ್ಪು ಬಿಳುಪಾಗಿ ಬಂದರೆ ಟಿವಿ ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಪ್ಲೇಯರಿನ ಮೆನುವಿನಲ್ಲಿ ಟಿವಿ ಪದ್ಧತಿಯನ್ನು ಬದಲಾಯಿಸಿ ನೋಡಿ. ಒಂದು ಲೆಕ್ಕದಲ್ಲಿ ನೀವು ಅದೃಷ್ಟವಂತರು. ಸೆಕೆಂಡಿಗೆ 24 ಚೌಕಟ್ಟು ಓಡುವ ಚಿತ್ರವನ್ನು ಪಾಲ್‌ಗಾಗಿ 25ಕ್ಕೆ ಏರಿಸುತ್ತಾರೆ, ಬ್ರಿಟನ್ನಿನ ಡಿಸ್ಕಿನಲ್ಲಿ ಎಲ್ಲವೂ ನೂರಕ್ಕೆ ನಾಲ್ಕರಷ್ಟು ಬೇಗ ಓಡುತ್ತದೆ. ಮೊದಲೇ ವೇಗದ ಮಾತು, ಅದರ ಮೇಲೆ ಇನ್ನಷ್ಟು ವೇಗವಾದರೆ ನಿಮ್ಮ ತಂದೆಯವರಿಗೆ ಹಿಂಸೆಯೇ.

ಒರೆಸುವಾಗ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಪಾತ್ರೆ ತಿಕ್ಕಿದ ಹಾಗೆ ಸುತ್ತಲೂ ಒರೆಸಬೇಡಿ, ಸುತ್ತು ಗೀರಿನಿಂದಲೇ ಡಿಸ್ಕ್ ಸಾಯುವುದು.

ಟಿಪ್ಪಣಿ ಹಾಳೆ, ಬೆಂಗಳೂರು

ನಿಮ್ಮ ತಂದೆಯವರ ವಿಷಯ ಓದಿ ಬರೆಯದೆ ಇರಲಾಗಲಿಲ್ಲ. ನಾನು ಸಚಿವಾಲಯದಲ್ಲಿ ಅಧೀನ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಈ ಧಾರಾವಾಹಿಯನ್ನು ಮಗಳ ಮನೆಯಲ್ಲಿ ಡಿಸ್ಕಿನಲ್ಲೇ ನೋಡಿ ಮುಗಿಸಿದೆ, ಎರಡು ಸಲ. ಡಿಸ್ಕಿನಲ್ಲೇ ನೋಡಬೇಕಾದದ್ದು ಇದು, ಏಕೆಂದರೆ ನಿಲ್ಲಿಸಬಹುದು. ತಂದೆಯವರ ಕೈಗೇ ರಿಮೋಟ್ ಕೊಡಿ. ಇಂಗ್ಲಿಷ್ ಅಡಿಬರಹ ಹಾಕಿ. ಕಡತ ಓದಿದ ಕಣ್ಣು ಅದು, ಅಡಿಬರಹವನ್ನು ನಮಗಿಂತ ಬೇಗ ಓದಿಬಿಡುತ್ತದೆ.

ಆದರೆ ಶುರುಮಾಡುವ ಮುಂಚೆ ಕೆಲವು ಪದಗಳನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಮ್ಮ ಕಚೇರಿಯ ಕಣ್ಣಿಗೆ ಎಲ್ಲವೂ ತಪ್ಪಾಗಿ ಕಾಣುತ್ತದೆ. ನಾನೇ ಮೊದಲ ಐದಾರು ಕಂತು ದಿಕ್ಕುತಪ್ಪಿದ್ದೆ. ಅಲ್ಲಿ ‘ಸೆಕ್ರೆಟರಿ’ ಎಂದರೆ ನಮ್ಮ ಐಎಎಸ್ ಕಾರ್ಯದರ್ಶಿಯಲ್ಲ, ಇಲಾಖೆಯ ಮುಖ್ಯಸ್ಥ, ನಮ್ಮ ಲೆಕ್ಕದಲ್ಲಿ ಮಂತ್ರಿ. ಆದರೆ ಆ ಮಂತ್ರಿ ಸಂಸತ್ತಿನ ಸದಸ್ಯನಾಗಿರುವಂತಿಲ್ಲ. ಕಥೆಯಲ್ಲಿ ಲಿಯೋ ಮೆಕ್‌ಗ್ಯಾರಿಯ ಹುದ್ದೆ ‘ಚೀಫ್ ಆಫ್ ಸ್ಟಾಫ್’, ಅಂದರೆ ಅಧ್ಯಕ್ಷರ ಕಚೇರಿಯ ಸಿಬ್ಬಂದಿಯ ಮುಖ್ಯಸ್ಥ. ಅದನ್ನು ಮುಖ್ಯ ಕಾರ್ಯದರ್ಶಿ ಎಂದುಕೊಂಡರೆ ಕೆಟ್ಟಿತು. ಅವನು ಸೇವೆಯಲ್ಲಿ ಹಂತಹಂತವಾಗಿ ಮೇಲೆ ಬಂದವನಲ್ಲ, ಅಧ್ಯಕ್ಷರು ನಂಬಿ ಕರೆತಂದವನು. ಅಧ್ಯಕ್ಷರ ಉಳಿದ ಸಹಾಯಕರಾದ ಜಾಶ್, ಟೋಬಿ, ಸ್ಯಾಮ್, ಸಿ.ಜೆ. ಎಲ್ಲರೂ ಹಾಗೆಯೇ.

ಮೊದಲ ಸೀಸನ್ನಿನ ಹತ್ತೊಂಬತ್ತನೆಯ ಕಂತಿನಲ್ಲಿ ಇವರೆಲ್ಲ ಒಬ್ಬೊಬ್ಬರಾಗಿ ಒಂದೇ ಮಾತು ಹೇಳುತ್ತಾರೆ: ಅಧ್ಯಕ್ಷರ ಇಚ್ಛೆ ಇರುವವರೆಗೆ ನಾನು ಸೇವೆಯಲ್ಲಿದ್ದೇನೆ ಎಂದು. ನಾನು ಅಲ್ಲಿ ಡಿಸ್ಕ್ ನಿಲ್ಲಿಸಿ ಎದ್ದು ನೀರು ಕುಡಿದು ಬಂದೆ. ನಮ್ಮ ಸಂವಿಧಾನದ 310ನೆಯ ವಿಧಿಯಲ್ಲಿ ಇದೇ ಮಾತಿದೆ. ನಾವೂ ರಾಷ್ಟ್ರಪತಿ ಅಥವಾ ರಾಜ್ಯಪಾಲರ ಇಚ್ಛೆ ಇರುವವರೆಗೆ ಹುದ್ದೆಯಲ್ಲಿರುವವರು. ಆದರೆ ಬೆನ್ನಿಗೇ 311 ಇದೆ, ಆರೋಪ ತಿಳಿಸಿ ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ಆ ಒಂದು ವಿಧಿಯ ಬಲದಿಂದ ನಾನು ಮೂವತ್ತಮೂರು ವರ್ಷ ಹೆದರದೆ ಟಿಪ್ಪಣಿ ಬರೆದೆ. ಅವರಿಗೆ ಆ ಛತ್ರಿಯಿಲ್ಲ. ಸಂಜೆಯೊಳಗೆ ಮೇಜು ಖಾಲಿ ಮಾಡು ಎಂದರೆ ಮಾಡಬೇಕು. ಹಾಗಿದ್ದೂ ಎದುರಿಗೆ ನಿಂತು, ನೀವು ಮಾಡುತ್ತಿರುವುದು ಸರಿಯಲ್ಲ ಎಂದು ಹೇಳುತ್ತಾರೆ. ಇದನ್ನು ತಂದೆಯವರಿಗೆ ಮೊದಲೇ ಹೇಳಿ, ಆ ದೃಶ್ಯದ ತೂಕ ಬೇರೆಯೇ ಆಗುತ್ತದೆ.

ನಾಲ್ಕನೆಯ ಕಂತನ್ನು ನಿಮ್ಮ ತರಗತಿಗೂ ತೋರಿಸಬಹುದು. ಕೆಲವು ಬಗೆಯ ಬಂದೂಕುಗಳ ಮಾರಾಟಕ್ಕೆ ತಡೆ ಹಾಕುವ ಮಸೂದೆಗೆ ಐದು ಮತ ಕಡಿಮೆ ಬಿದ್ದಿದೆ, ತಪ್ಪಿಸಿಕೊಂಡವರು ಸ್ವಂತ ಪಕ್ಷದವರೇ. ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಿ ಒಲಿಸಬೇಕು, ಹೆದರಿಸಬೇಕು. ನಮ್ಮಲ್ಲಿ 1985ರಲ್ಲಿ ಹತ್ತನೆಯ ಅನುಸೂಚಿ ಬಂದ ಮೇಲೆ ಪಕ್ಷದ ಸಚೇತಕಾಜ್ಞೆ (ವಿಪ್) ಮೀರಿದ ಸದಸ್ಯನ ಸ್ಥಾನಕ್ಕೇ ಕುತ್ತು. ಅಲ್ಲಿ ಅಂಥ ಕಾನೂನಿಲ್ಲ. ಪಕ್ಷಾಂತರ ನಿಷೇಧ ಇಲ್ಲದ ಸದನ ಹೇಗೆ ನಡೆಯುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ಅದೇ ಕಂತಿನಲ್ಲಿ ಲಿಯೋ ಮದುವೆಯ ವಾರ್ಷಿಕೋತ್ಸವ ಮರೆತು ಕಚೇರಿಯಲ್ಲೇ ಉಳಿಯುತ್ತಾನೆ. ಅಧಿವೇಶನದ ದಿನಗಳಲ್ಲಿ ನಾನು ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು, ಮುಚ್ಚಿಟ್ಟ ತಟ್ಟೆಯನ್ನು ಒಬ್ಬನೇ ತೆಗೆದು ಊಟಕ್ಕೆ ಕೂತದ್ದು ಎಷ್ಟು ಸಲವೋ. ನನ್ನ ಹೆಂಡತಿ ಆ ದೃಶ್ಯವನ್ನು ನನ್ನ ಪಕ್ಕದಲ್ಲೇ ಕೂತು ನೋಡಿದಳು. ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ನನಗೆ ಕೋಪ ಬಂದ ಜಾಗವೂ ಇದೆ. ಮೊದಲ ಸೀಸನ್ನಿನಲ್ಲೇ ಭಾರತದ ಸೇನೆ ಕಾಶ್ಮೀರದಲ್ಲಿ ಕದನವಿರಾಮ ರೇಖೆ ದಾಟಿ ನುಗ್ಗಿದೆ ಎಂಬ ಕಥೆ ಬರುತ್ತದೆ. ಆ ಕಂತು ಪ್ರಸಾರವಾದದ್ದು 2000ದ ಜನವರಿಯಲ್ಲಿ. ಕಾರ್ಗಿಲ್ ಮುಗಿದು ಆರು ತಿಂಗಳಾಗಿತ್ತು. ರೇಖೆ ದಾಟಿ ಬಂದವರು ಯಾರು, ದಾಟಬಾರದೆಂದು ತಡೆದುಕೊಂಡವರು ಯಾರು ಎಂದು ಲೋಕಕ್ಕೆಲ್ಲ ಗೊತ್ತಿದ್ದ ಕಾಲ. ಬೇರೆಲ್ಲ ಕಡೆ ಇಷ್ಟು ಎಚ್ಚರದಿಂದ ಬರೆದವರು ನಮ್ಮ ವಿಷಯಕ್ಕೆ ಬಂದಾಗ ಕೈಬಿಟ್ಟರಲ್ಲ ಎಂದು ಈಗಲೂ ನೋವಾಗುತ್ತದೆ. ತಂದೆಯವರಿಗೆ ಮುಂಚೆಯೇ ಹೇಳಿಡಿ.

ಮಂಜಿನ ಕೊಲ್ಲಿ, ಕ್ಯಾಲಿಫೋರ್ನಿಯಾ

ಚೀಟಿ ಅಂಟಿಸಿದ ನಿಮ್ಮಣ್ಣನ ಜೊತೆ ನನ್ನದೊಂದು ತಕರಾರಿದೆ. ಅವರು ಹಾಗೆ ಬರೆದ ಕಾರಣ ಇಷ್ಟು: ಧಾರಾವಾಹಿಯನ್ನು ಹುಟ್ಟುಹಾಕಿ, ಹೆಚ್ಚುಕಡಿಮೆ ಎಲ್ಲ ಕಂತುಗಳಿಗೂ ತಾವೇ ಮಾತು ಬರೆದ ಏರನ್ ಸಾರ್ಕಿನ್ 2003ರಲ್ಲಿ ನಾಲ್ಕನೆಯ ಸೀಸನ್ ಮುಗಿಸಿ ಹೊರಟುಹೋದರು. ನಿರ್ದೇಶಕ ಥಾಮಸ್ ಶ್ಲಾಮಿ ಕೂಡ. ಅದಾದ ಮೇಲೆ ಮಾತಿನ ಲಯ ಬದಲಾಯಿತು. ಐದನೆಯ ಸೀಸನ್ನಿನ ಮೊದಲ ಕಂತುಗಳಲ್ಲಿ ಎಲ್ಲರೂ ಸಿಡುಕುತ್ತಲೇ ಇರುತ್ತಾರೆ. ಪರಿಚಯದ ಮನೆಗೆ ಬೇರೆ ಯಾರೋ ಬಾಡಿಗೆಗೆ ಬಂದ ಹಾಗೆ ನನಗೂ ಅನಿಸಿತ್ತು.

ಆದರೂ ನಿಲ್ಲಿಸಬೇಡಿ. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಇದು ಬುಧವಾರ ರಾತ್ರಿ ಎನ್‌ಬಿಸಿ ವಾಹಿನಿಯಲ್ಲಿ ಬರುತ್ತಿತ್ತು. ಇಲ್ಲಿನ ಚುನಾವಣೆ ಹೇಗೆ ನಡೆಯುತ್ತದೆ ಎಂದು ನನಗೆ ತಿಳಿದದ್ದು ಪೌರತ್ವ ಪರೀಕ್ಷೆಗೆ ಓದಿದ್ದರಿಂದಲ್ಲ, ಆರು ಮತ್ತು ಏಳನೆಯ ಸೀಸನ್ನುಗಳಿಂದ. ಪಕ್ಷದ ಅಭ್ಯರ್ಥಿಯಾಗಲು ಚಳಿಯಲ್ಲಿ ಊರೂರು ಸುತ್ತಿ, ಹತ್ತು ಜನ ಕೂತ ಕೋಣೆಯಲ್ಲಿ ಮಾತಾಡುವುದರಿಂದ ಹಿಡಿದು ಎಣಿಕೆಯ ರಾತ್ರಿಯವರೆಗೆ ಎಲ್ಲವೂ ಇದೆ. ನಟರಾದ ಜಿಮ್ಮಿ ಸ್ಮಿಟ್ಸ್, ಅಲನ್ ಆಲ್ಡಾ ಎದುರಾಳಿ ಅಭ್ಯರ್ಥಿಗಳ ಪಾತ್ರದಲ್ಲಿದ್ದಾರೆ. 2005ರ ನವೆಂಬರಿನಲ್ಲಿ ಅವರಿಬ್ಬರ ಚರ್ಚೆಯನ್ನು ನೇರ ಪ್ರಸಾರದಲ್ಲೇ ಅಭಿನಯಿಸಿದರು. ಎದುರು ಪಕ್ಷದವನನ್ನು ಅಷ್ಟು ಗೌರವದಿಂದ ಬರೆದದ್ದು ನನಗೆ ಮೊದಲ ನಾಲ್ಕು ಸೀಸನ್ನುಗಳಲ್ಲಿ ಕಾಣಲಿಲ್ಲ, ಇದನ್ನು ಸಾರ್ಕಿನ್ ಅಭಿಮಾನಿಯಾಗಿಯೇ ಹೇಳುತ್ತಿದ್ದೇನೆ. ಐದನೆಯ ಸೀಸನ್ನಿನ ಹದಿನೇಳನೆಯ ಕಂತು, ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಗಳನ್ನು ಹುಡುಕುವುದು, ಅದನ್ನು ಬಿಟ್ಟರಂತೂ ನಷ್ಟವೇ.

ಲಿಯೋ ಪಾತ್ರ ಮಾಡಿದ ಜಾನ್ ಸ್ಪೆನ್ಸರ್ ಕೊನೆಯ ಸೀಸನ್ನಿನ ನಡುವೆ, 2005ರ ಡಿಸೆಂಬರಿನಲ್ಲಿ, ತೀರಿಕೊಂಡರು. ಅವರ ನಿಧನದ ನಂತರ ಬಂದ ಮೊದಲ ಕಂತಿಗೆ ಮುಂಚೆ ಅಧ್ಯಕ್ಷರ ಪಾತ್ರಧಾರಿ ಮಾರ್ಟಿನ್ ಶೀನ್ ನೋಡುಗರೊಂದಿಗೆ ಎರಡು ಮಾತಾಡಿದರು. ನಾವು ನಾಲ್ಕು ಜನ ಕನ್ನಡದವರು ಒಂದೇ ಸೋಫಾದಲ್ಲಿ ಕೂತಿದ್ದೆವು. ಸ್ವಂತ ಮಾವ ಹೋದಷ್ಟು ಸಂಕಟವಾಯಿತು. ಹೆಚ್ಚು ಹೇಳುವುದಿಲ್ಲ.

ತುಂಗಾತೀರ

ಮೂವರಿಗೂ ಮನಸಾರೆ ನಮಸ್ಕಾರ. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹೇಳಲು ಏನಾದರೂ ಆಗಲಿ ಎಂದು ಕಾದೆ.

ಬೆಸುಗೆ ಅವರು ಹೇಳಿದಂತೆ ಹಳೆಯ ಪ್ಲೇಯರ್ ಒಂದನ್ನು ಡಿಸ್ಕ್ ಹಾಕಿ ನೋಡಿಯೇ ತಂದೆ. ಚಿತ್ರ ಕಪ್ಪು ಬಿಳುಪಾಗಿಯೇ ಬಂತು! ಮೆನುವಿನಲ್ಲಿ ಬದಲಾಯಿಸಿದ ಮೇಲೆ ಸರಿಹೋಯಿತು.

ಅಪ್ಪನ ಕೈಗೆ ರಿಮೋಟ್ ಕೊಟ್ಟೆ. ಮೊದಲ ದಿನ ನಲವತ್ತೆರಡು ನಿಮಿಷದ ಕಂತಿಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ನಿಲ್ಲಿಸುವುದು, ಹಿಂದಕ್ಕೆ ಹೋಗುವುದು, ಅಡಿಬರಹವನ್ನು ತುಟಿ ಅಲ್ಲಾಡಿಸುತ್ತ ಓದುವುದು. ‘ಸೆಕ್ರೆಟರಿ ಎಂದರೆ ಮಂತ್ರಿ’ ಎಂದದ್ದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. ಅವರಿಗೆ ಎಲ್ಲರಿಗಿಂತ ಮೊದಲು ಹಿಡಿಸಿದ್ದು ಅಧ್ಯಕ್ಷರ ಆಪ್ತ ಸಹಾಯಕಿ ಲ್ಯಾಂಡಿಂಗ್‌ಹ್ಯಾಮ್. ‘ಇಂಥವರೊಬ್ಬರಿದ್ದರೆ ಕಚೇರಿಯಲ್ಲಿ ಕಡತ ಕಳೆಯುವುದಿಲ್ಲ’ ಎಂದರು.

ಮೊನ್ನೆ ಹತ್ತನೆಯ ಕಂತು ನೋಡಿದೆವು. ಪಾರ್ಕಿನ ಬೆಂಚಿನ ಮೇಲೆ ಚಳಿಯಲ್ಲಿ ಸತ್ತ ನಿರ್ಗತಿಕನೊಬ್ಬ ತೊಟ್ಟ ಕೋಟು ಟೋಬಿ ದಾನ ಕೊಟ್ಟದ್ದು. ಜೇಬಿನಲ್ಲಿ ಟೋಬಿಯ ಚೀಟಿ ಸಿಕ್ಕಿದ್ದರಿಂದ ಪೊಲೀಸರು ಕರೆಯುತ್ತಾರೆ. ಸತ್ತವನು ಕೊರಿಯಾ ಯುದ್ಧದಲ್ಲಿ ಹೋರಾಡಿದ ಸೈನಿಕ. ಟೋಬಿ ಅಧ್ಯಕ್ಷರ ಹೆಸರು ಬಳಸಿ ಅವನಿಗೆ ಸೇನಾ ಗೌರವದ ಅಂತ್ಯಕ್ರಿಯೆ ಏರ್ಪಡಿಸುತ್ತಾನೆ.

ಅಪ್ಪ ಅಲ್ಲೇ ನಿಲ್ಲಿಸಿ, ‘ಇದು ತಪ್ಪು. ಇವನಿಗೆ ಅಧಿಕಾರವಿಲ್ಲ. ಮೇಲಿನವರ ಹೆಸರಿನಲ್ಲಿ ಆದೇಶ ಕೊಡುವಂತಿಲ್ಲ’ ಎಂದರು. ಟಿವಿಯಲ್ಲಿ ಟೋಬಿಯ ಮುಖ ಹಾಗೇ ನಿಂತಿತ್ತು. ನಾನು ಸುಮ್ಮನಿದ್ದೆ. ಆಮೇಲೆ ಅಪ್ಪ ತಾವೇ ಹೇಳತೊಡಗಿದರು. ಅವರು ಗುಮಾಸ್ತರಾಗಿದ್ದಾಗ ಒಬ್ಬ ಮುದುಕರು ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಬರುತ್ತಿದ್ದರಂತೆ. ಜೈಲಿನಲ್ಲಿದ್ದುದಕ್ಕೆ ದಾಖಲೆ ಸಿಗದೆ ಅರ್ಜಿ ವಾಪಸು ಬರುತ್ತಿತ್ತು. ಪ್ರತಿ ಸೋಮವಾರ ಬೆಳಗಿನ ಬಸ್ಸಿಗೆ ಬಂದು, ಕಿಟಕಿಯ ಹೊರಗೆ ಕೊಡೆ ಊರಿಕೊಂಡು ನಿಲ್ಲುತ್ತಿದ್ದರಂತೆ. ಅಪ್ಪ ನಿಯಮದ ಪ್ರಕಾರ ಮೂರು ಸಲ ಹಿಂಬರಹ ಕೊಟ್ಟರು. ನಾಲ್ಕನೆಯ ಸೋಮವಾರ ಅವರು ಬರಲಿಲ್ಲ. ‘ನಾನು ಬರೆದದ್ದೆಲ್ಲ ಸರಿಯಾಗಿಯೇ ಇತ್ತು’ ಎಂದರು ಅಪ್ಪ. ಇದನ್ನು ನಾನು ಹುಟ್ಟಿದಂದಿನಿಂದ ಅವರ ಬಾಯಲ್ಲಿ ಕೇಳಿರಲಿಲ್ಲ. ಅಣ್ಣನಿಗೂ ಗೊತ್ತಿಲ್ಲವಂತೆ. ಅಮ್ಮನಿಗೆ ಗೊತ್ತಿತ್ತೇನೋ.

ಸ್ವಲ್ಪ ಹೊತ್ತು ಬಿಟ್ಟು ಗುಂಡಿ ಒತ್ತಿದರು. ಉಳಿದದ್ದನ್ನು ನಿಲ್ಲಿಸದೆ ನೋಡಿದರು. ಆ ಮಡಚಿದ ಧ್ವಜ, ತನ್ನ ಅವಳಿ ಗಂಡುಮಕ್ಕಳನ್ನು ವಿಯೆಟ್ನಾಂ ಯುದ್ಧದಲ್ಲಿ ಕಳೆದುಕೊಂಡ ಲ್ಯಾಂಡಿಂಗ್‌ಹ್ಯಾಮ್ ಟೋಬಿಯ ಪಕ್ಕದಲ್ಲಿ ನಿಂತಿರುವುದು.

ಅಣ್ಣನ ಚೀಟಿಯನ್ನು ಕಿತ್ತಿದ್ದೇನೆ, ಏಳೂ ನೋಡುತ್ತೇವೆ. ಟಿಪ್ಪಣಿ ಹಾಳೆ ಸರ್, ಅಪ್ಪ ನಿಮ್ಮನ್ನು ಒಂದು ಪ್ರಶ್ನೆ ಕೇಳಲು ಹೇಳಿದ್ದಾರೆ: ಸೈಕಲ್ಲಿನಿಂದ ಬಿದ್ದ ಅಧ್ಯಕ್ಷರು ರಜೆ ಹಾಕಬೇಕಾದರೆ ಅರ್ಜಿ ಯಾರಿಗೆ ಬರೆಯಬೇಕು, ಪ್ರಭಾರ ಯಾರಿಗೆ?

ಟಿಪ್ಪಣಿ ಹಾಳೆ

ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಕಾಲಿಗೆ ಪೆಟ್ಟಾದರೆ ಯಾರಿಗೂ ಬರೆಯಬೇಕಿಲ್ಲ. ಅಧಿಕಾರ ನಡೆಸಲಾಗದ ಸ್ಥಿತಿಯಾದರೆ ಅಲ್ಲಿನ ಸಂವಿಧಾನದ ಇಪ್ಪತ್ತೈದನೆಯ ತಿದ್ದುಪಡಿ ಇದೆ, 1967ರದು. ಅದರ ಮೂರನೆಯ ಭಾಗದಂತೆ ಅಧ್ಯಕ್ಷರು ಪ್ರತಿನಿಧಿಗಳ ಸಭೆಯ ಸ್ಪೀಕರ್ ಮತ್ತು ಸೆನೆಟ್ಟಿನ ಹಂಗಾಮಿ ಅಧ್ಯಕ್ಷರು, ಇಬ್ಬರಿಗೂ ಲಿಖಿತವಾಗಿ ತಿಳಿಸಬೇಕು. ಪ್ರಭಾರ ಉಪಾಧ್ಯಕ್ಷರಿಗೆ. ಮರಳಿ ಬರುವಾಗ ಇನ್ನೊಂದು ಪತ್ರ.

ಉಪಾಧ್ಯಕ್ಷರ ಹುದ್ದೆಯೇ ಖಾಲಿ ಇದ್ದರೆ ಏನು ಎಂದು ಅವರು ಮುಂದೆ ಕೇಳಿಯೇ ಕೇಳುತ್ತಾರೆ. ನಾಲ್ಕನೆಯ ಸೀಸನ್ನಿನ ಕೊನೆಯ ಡಿಸ್ಕಿನವರೆಗೆ ಕಾಯಲು ಹೇಳಿ. ಆ ದಿನ ಊಟ ಬೇಗ ಮುಗಿಸಿ ಕೂತುಕೊಳ್ಳಿ.